ಮನೆಯನ್ನು ‘ನ್ಯಾಚುರಲ್’ ಮಾಡೋಕೆ ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ನೆಲ ಒರೆಸುವ ದ್ರಾವಣದಿಂದ ಹಿಡಿದು ಅಡುಗೆ ಪಾತ್ರೆವರೆಗೆ ಎಲ್ಲದರಲ್ಲೂ ಕೆಮಿಕಲ್ ಇದೆ ಅಂತ ಓದಿ ಓದಿ ಭಯವಾಗಿದೆ. ಎಲ್ಲವನ್ನೂ ನೈಸರ್ಗಿಕ ವಸ್ತುಗಳಿಗೆ ಬದಲಾಯಿಸೋಣ ಅಂದರೆ ಪಟ್ಟಿ ಮುಗಿಯೋದೇ ಇಲ್ಲ, ಖರ್ಚೂ ಜಾಸ್ತಿ. ಮೊದಲು ಯಾವುದನ್ನು ಕೊಳ್ಳಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ಸುಮ್ನೆ ಹೇಳುತ್ತಿಲ್ಲ. ನಾನೂ ನಿಮ್ಮ ಹಾಗೇ ಶುರು ಮಾಡಿದ್ದೆ. ಒಂದೇ ತಿಂಗಳಲ್ಲಿ ಹಸಿರು ಎಲೆಯ ಚಿತ್ರವಿರುವ ಬಾಟಲಿಗಳು ಕಪಾಟು ತುಂಬಿಕೊಂಡವು. ದುಡ್ಡು ಕೊಟ್ಟು ತಂದಿದ್ದು ಅಂತ ಹಳೆಯವನ್ನೂ ಬಿಸಾಡಲಿಲ್ಲ. ಮನೆಯಲ್ಲಿದ್ದ ಬಾಟಲಿಗಳು ಎರಡು ಪಟ್ಟಾದವು, ಅಷ್ಟೇ. ಹಾಗಾಗಿ ನಿಮಗೆ ನನ್ನ ಸಲಹೆ ಉಲ್ಟಾ: ಮನೆಯೊಳಗೆ ಏನು ತರಬೇಕು ಅನ್ನೋದನ್ನು ಪಕ್ಕಕ್ಕಿಡಿ, ಮನೆಯಿಂದ ಏನು ಹೊರಗೆ ಹೋಗಬೇಕು ಅಂತ ನೋಡಿ.

ಮೊದಲು ಹೋಗಬೇಕಾದ್ದು ಒಳಗಿನ ಗಾಳಿ. ಊಟದ ಬಗ್ಗೆ ಎಷ್ಟೊಂದು ಯೋಚನೆ ಮಾಡುತ್ತೇವೆ, ಆದರೆ ದಿನವಿಡೀ ಉಸಿರಾಡುವ ಗಾಳಿಯ ಬಗ್ಗೆ ಮನೆಯಲ್ಲಿ ಮಾತೇ ಬರುವುದಿಲ್ಲ. ಅಡುಗೆಮನೆಯಲ್ಲಿ ಸೌದೆ, ಇದ್ದಿಲು, ಸೀಮೆಎಣ್ಣೆಯಂಥ ಇಂಧನ ಉರಿಸುವುದರಿಂದ ಬರುವ ಹೊಗೆಗೆ 2020ರಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗ್ಯಾಸ್ ಒಲೆ ಅದಕ್ಕಿಂತ ಎಷ್ಟೋ ವಾಸಿ. ಆದರೂ ಅದರ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಅನಿಲ ಬರುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಅದು ಆಗಿಬರುವುದಿಲ್ಲ. ಒಲೆ ಹಚ್ಚುವ ಮುಂಚೆಯೇ ಕಿಟಕಿ ತೆಗೆಯಿರಿ, ಹೊಗೆ ಎಳೆಯುವ ಫ್ಯಾನ್ ಇದ್ದರೆ ಹಾಕಿ, ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಲು ಬಿಡಿ. ಕಿಟಕಿಯ ಹೊರಗೇ ವಾಹನಗಳ ಹೊಗೆ ದಟ್ಟವಾಗಿದ್ದರೆ ಓಡಾಟ ಕಡಿಮೆ ಇರುವ ಹೊತ್ತು ನೋಡಿ ತೆಗೆಯಿರಿ.

ಒಲೆ ಬಿಟ್ಟರೆ ಉರಿಯುವ ಬೇರೆ ವಸ್ತುಗಳು. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸಣ್ಣ ಕಣಗಳು ಗಾಳಿಗೆ ಸೇರುತ್ತವೆ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿತ್ತು. ಇದನ್ನು ಓದಿದ ರಾತ್ರಿಯೇ ನಮ್ಮ ಮಲಗುವ ಕೋಣೆಗೆ ಸೊಳ್ಳೆಪರದೆ ಬಂತು. (ಏನೂ ಕೊಳ್ಳಬೇಡಿ ಅಂದಿದ್ದೆ, ಅಲ್ವಾ? ಪರದೆಗೆ ಮಾತ್ರ ವಿನಾಯಿತಿ.) ಸುವಾಸನೆಯ ಮೇಣದಬತ್ತಿಯೂ ಇದೇ ಜಾತಿ. ‘ಗಿಡಮೂಲಿಕೆಯಿಂದ ಮಾಡಿದ್ದು’ ಅಂತ ಬರೆದಿದ್ದರೂ ಹೊಗೆ ಹೊಗೆಯೇ.

ಸುವಾಸನೆ ಅಂದಾಗ ನೆನಪಾಯಿತು. ನಿಂಬೆ, ಕಿತ್ತಳೆಯ ಪರಿಮಳ ಕೊಡುವ ಲಿಮೊನೀನ್ ಅಪ್ಪಟ ನೈಸರ್ಗಿಕ ವಸ್ತು, ಹಣ್ಣಿನ ಸಿಪ್ಪೆಯಲ್ಲೇ ಇರುತ್ತದೆ. ಅದು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿದಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹುಟ್ಟುತ್ತದೆ. ಹಣ್ಣು ಸುಲಿದಾಗ ಬರುವ ಪರಿಮಳಕ್ಕೆ ಹೆದರಬೇಕಿಲ್ಲ. ಮುಚ್ಚಿದ ಕೋಣೆಯಲ್ಲಿ ದಿನವೂ ಸ್ಪ್ರೇ ಹೊಡೆಯುವುದು ಬೇರೆ ಮಾತು. ಮನೆ ಶುಚಿಯಾಗಿದ್ದರೆ ಅದಕ್ಕೆ ಯಾವ ವಾಸನೆಯೂ ಇರಬೇಕಿಲ್ಲ. ಇದು ಒಪ್ಪಿಕೊಳ್ಳಲು ನನಗೇ ಕಷ್ಟವಾಯಿತು, ಏಕೆಂದರೆ ಪರಿಮಳ ಬಂದರೇ ಶುಚಿ ಅಂತ ಮೂಗಿಗೆ ಅಭ್ಯಾಸವಾಗಿಬಿಟ್ಟಿತ್ತು.

ಹಾಗಾದರೆ ಗಾಳಿ ಶುದ್ಧ ಮಾಡುವ ಗಿಡ? ಈ ನಂಬಿಕೆಗೆ ಬೆನ್ನೆಲುಬು 1989ರ ನಾಸಾ ವರದಿ. ಅಲ್ಲಿ ಗಿಡಗಳನ್ನು ಇಟ್ಟಿದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ. ನಮ್ಮ ಮನೆಗಳು ಹಾಗಿರುವುದಿಲ್ಲವಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಸಂಶೋಧಕರು 2019ರಲ್ಲಿ ಹೇಳಿದ್ದು ಇದು: ಕಟ್ಟಡದಲ್ಲಿ ಸಹಜವಾಗಿ ಒಳಗೂ ಹೊರಗೂ ಓಡಾಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ, ಒಂದೊಂದು ಚದರ ಮೀಟರ್ ನೆಲಕ್ಕೂ 10ರಿಂದ 1,000 ಗಿಡ ಬೇಕು. ಗಿಡ ಚೆಂದ ಅಂತ ಇಟ್ಟುಕೊಳ್ಳಿ. ಗಾಳಿಗೆ ಕಿಟಕಿ ಇದೆ.

ಈಗ ಸಿಂಕಿನ ಕೆಳಗಿನ ಬಾಟಲಿಗಳು. ಎಲ್ಲವನ್ನೂ ಹೊರಗೆ ತಂದು ನೆಲದ ಮೇಲೆ ಸಾಲಾಗಿ ಇಟ್ಟು ನೋಡಿ. ನಮ್ಮ ಮನೆಯಲ್ಲಿ ಗಾಜಿಗೊಂದು, ಕಟ್ಟೆಗೊಂದು, ನಲ್ಲಿಗೊಂದು, ನೆಲಕ್ಕೆ ಎರಡು ಸಿಕ್ಕವು. ನೆಲಕ್ಕೆ ಎರಡು ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈ ಕೆಲಸಗಳಲ್ಲಿ ಮುಕ್ಕಾಲು ಪಾಲು ಸಾದಾ ಸೋಪು ನೀರಿನಲ್ಲೇ ಆಗುತ್ತವೆ. ಸೋಪಿನ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ನೀರು ಹೋಗುವಾಗ ಜಿಡ್ಡನ್ನೂ ಅದರಲ್ಲಿರುವ ರೋಗಾಣುಗಳನ್ನೂ ಎಳೆದುಕೊಂಡು ಹೋಗುತ್ತದೆ. ಕೈಗೂ ಅದೇ ಸಾಕು, 20 ಸೆಕೆಂಡ್ ಉಜ್ಜಬೇಕು ಅಷ್ಟೇ. ‘ಆಂಟಿಬ್ಯಾಕ್ಟೀರಿಯಲ್’ ಸೋಪು ಮನೆಬಳಕೆಯಲ್ಲಿ ಸಾದಾ ಸೋಪಿಗಿಂತ ಮೇಲು ಎನ್ನುವುದಕ್ಕೆ ತಯಾರಕರು ಪುರಾವೆ ಕೊಡಲಿಲ್ಲ ಎಂದು 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟ್ರೈಕ್ಲೋಸಾನ್ ಸೇರಿ 19 ಪದಾರ್ಥಗಳನ್ನು ಅಂಥ ಸೋಪುಗಳಿಂದ ತೆಗೆಸಿತು.

ವಿನೆಗರ್ ಮತ್ತು ಅಡುಗೆ ಸೋಡಾ ಜೋಡಿಯ ಬಗ್ಗೆ ನೀವು ಖಂಡಿತ ಓದಿರುತ್ತೀರಿ. ಎರಡನ್ನೂ ಬೆರೆಸಿದರೆ ಬುಸ್ ಅಂತ ನೊರೆ ಬರುತ್ತದೆ, ನೋಡಲು ಖುಷಿ. ಆದರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಸೇರಿದ ಕೂಡಲೇ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಕೊನೆಗೆ ಉಳಿಯುವುದು ನೀರು ಮತ್ತು ಒಂದು ಬಗೆಯ ಉಪ್ಪು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಉಪಯೋಗದವೇ. ಸೋಡಾ ಉಜ್ಜಲು ಒಳ್ಳೆಯದು. ಗಡಸು ನೀರಿನಿಂದ ನಲ್ಲಿಯ ಮೇಲೆ ಕೂರುವ ಬಿಳಿ ಕಲೆಯಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್ ಅದನ್ನು ಕರಗಿಸುತ್ತದೆ. ಅಮೃತಶಿಲೆಯೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನೋದು ನನಗೆ ಹೊಳೆದಿದ್ದು ಕಟ್ಟೆಯನ್ನು ವಿನೆಗರ್‌ನಿಂದ ಒರೆಸಿ ಅದರ ಹೊಳಪು ಹೋದ ಮೇಲೆ. ಆ ಮಂಕು ಕಲೆ ಇನ್ನೂ ಹಾಗೇ ಇದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಬ್ಲೀಚ್‌ಗೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ದ್ರಾವಣ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ಅಪಾಯ. ‘ಅರ್ಧ ಹಳೆಯದು, ಅರ್ಧ ನೈಸರ್ಗಿಕ’ ಅಂತ ಬದಲಾಗುತ್ತಿರುವ ಮನೆಗಳಲ್ಲಿ ಈ ತಪ್ಪು ಆಗುವ ಸಾಧ್ಯತೆ ಜಾಸ್ತಿ, ಏಕೆಂದರೆ ಎರಡೂ ಕಾಲದ ಬಾಟಲಿಗಳು ಅಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ನೈಸರ್ಗಿಕ ಅಂದರೆ ಮಕ್ಕಳಿಗೆ ಅಪಾಯವಿಲ್ಲ ಅಂತಲೂ ಅಂದುಕೊಳ್ಳಬೇಡಿ. ನೀಲಗಿರಿ ಎಣ್ಣೆಯನ್ನೋ ಕರ್ಪೂರದ ಎಣ್ಣೆಯನ್ನೋ ಮಗು ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಟೀ ಟ್ರೀ ಎಣ್ಣೆ ಬೆಕ್ಕು, ನಾಯಿಗಳಿಗೆ ವಿಷ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರುತ್ತದೆ. ಬಾಟಲಿಯ ಮೇಲೆ ಎಲೆ ಇದ್ದರೂ ಅದರ ಜಾಗ ಮಕ್ಕಳ ಕೈಗೆ ಎಟುಕದ ಮೇಲಿನ ಅಟ್ಟವೇ.

ಪಾತ್ರೆಗಳ ವಿಷಯದಲ್ಲಿ ಎಲ್ಲವನ್ನೂ ಬದಲಾಯಿಸುವ ಅಗತ್ಯವಿಲ್ಲ. ಬಿಸಿ ಮತ್ತು ಪ್ಲಾಸ್ಟಿಕ್ ಜೊತೆಯಾಗದಂತೆ ನೋಡಿಕೊಳ್ಳಿ. ಬಿಸಿ ಊಟವನ್ನು ಸ್ಟೀಲಿಗೋ ಗಾಜಿಗೋ ಹಾಕಿ, ಪ್ಲಾಸ್ಟಿಕ್ ಡಬ್ಬಿಯನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ. ‘ಬಿಪಿಎ ಇಲ್ಲ’ (ಬಿಪಿಎ ಅಂದರೆ ಕೆಲವು ಪ್ಲಾಸ್ಟಿಕ್‌ಗಳ ತಯಾರಿಕೆಯಲ್ಲಿ ಬಳಸುವ ಒಂದು ರಾಸಾಯನಿಕ) ಎಂಬ ಅಕ್ಷರ ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಎಷ್ಟೋ ಕಡೆ ಅದರ ಬದಲು ಅದರದೇ ದಾಯಾದಿಯಾದ ಬಿಪಿಎಸ್ ಬಂದು ಕೂತಿದೆ. ನಾನ್‌ಸ್ಟಿಕ್ ಬಾಣಲೆಯನ್ನು ಖಾಲಿ ಇಟ್ಟು ಕಾಯಿಸಬೇಡಿ, ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪನ ಕೆಡಲು ಶುರುವಾಗುತ್ತದೆ.

ಧೂಳಿಗೆ ಸುಲಭದ ಮದ್ದು: ಚಪ್ಪಲಿ ಬಾಗಿಲಲ್ಲೇ ಬಿಡುವುದು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಒಣ ಪೊರಕೆಯಿಂದ ಎದ್ದ ಧೂಳು ಮತ್ತೆ ಅಲ್ಲೇ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲದ ಮೇಲಿಟ್ಟ ಕೈಯನ್ನೇ ಬಾಯಿಗೆ ಹಾಕುತ್ತದೆ, ಅಲ್ವಾ?

ಇನ್ನು ಮಕ್ಕಳು. ನೀವು ಬಾಟಲಿಗಳ ಬಗ್ಗೆ ಕೇಳಿದ್ದೀರಿ, ಆದರೂ ಇದನ್ನು ಹೇಳದೆ ಬಿಡಲಾರೆ. ಅವರನ್ನು ದಿನವೂ ಹೊರಗೆ ಬಿಡಿ. ಬಯಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಕಾಣದ ಕಣ್ಣಿನ ದೋಷ ಬರುವುದು ಕಡಿಮೆ. ತೈವಾನ್‌ನ ಶಾಲೆಗಳು 2010ರಿಂದ ದಿನಕ್ಕೆ 120 ನಿಮಿಷ ಹೊರಗಿರಬೇಕು ಎಂಬ ಗುರಿ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ನೋಡುವ ಟಿವಿ, ಮೊಬೈಲ್ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ನಮ್ಮ ಮನೆಯಲ್ಲಿ ದೊಡ್ಡವರೂ ಕೆಳಗಿಟ್ಟ ಮೇಲೆಯೇ ಅದು ಸಾಧ್ಯವಾಗಿದ್ದು.

ನೆಲದ ಮೇಲೆ ಸಾಲಾಗಿ ಇಟ್ಟ ಬಾಟಲಿಗಳು ಇನ್ನೂ ಅಲ್ಲೇ ಇವೆ. ಬಳಸುವಂಥವನ್ನು ಬಳಸಿ ಮುಗಿಸಿ, ಮುಗಿದಾಗ ಮತ್ತೆ ತರಬೇಡಿ. ಎರಡು ವಾರ ಅದಿಲ್ಲದೆ ಕಳೆಯಿರಿ, ನಿಜವಾಗಿ ಬೇಕೆನಿಸಿದರೆ ಆಗ ವಾಸನೆಯಿಲ್ಲದ, ಸರಳವಾದದ್ದನ್ನು ನೋಡಿದರಾಯಿತು. ಬೇಡವೇ ಬೇಡ ಅನಿಸಿದ್ದನ್ನು ಬಿಸಾಡುವಾಗ ಎಲ್ಲವನ್ನೂ ಒಟ್ಟಿಗೆ ಮೋರಿಗೆ ಸುರಿಯಬೇಡಿ, ಬ್ಲೀಚ್ ಮತ್ತು ಆಸಿಡ್ ಅಲ್ಲೂ ಸೇರುತ್ತವೆ. ಬಾಟಲಿಯ ಹಿಂದೆ ಬರೆದಿರುವ ಸೂಚನೆ ಓದಿ ಹಾಗೆಯೇ ಮಾಡಿ. ಅರ್ಧ ಉಳಿದ ದ್ರಾವಣವನ್ನು ಜ್ಯೂಸ್ ಬಾಟಲಿಗೆ ಮಾತ್ರ ಯಾವತ್ತೂ ತುಂಬಿಡಬೇಡಿ. ನಿಮ್ಮ ಮನೆಯ ಇಬ್ಬರಿಗೂ ಆ ಬಾಟಲಿಯ ಗುರುತು ಚೆನ್ನಾಗಿ ಗೊತ್ತಿರುತ್ತದೆ.