ಔಡ್ ಬ್ರೊಯ್ನ್: ಫ್ಲಾಂಡರ್ಸಿನ ಕಂದು ಹುಳಿ ಬಿಯರಿನ ರುಚಿಯನ್ನು ಗುರುತಿಸುವ ಬಗೆ

ಬೆಲ್ಜಿಯಂನ ಉತ್ತರ ಭಾಗವಾದ ಫ್ಲಾಂಡರ್ಸ್‌ನಲ್ಲಿ, ಅದರಲ್ಲೂ ಶೆಲ್ಡ್ ನದಿಯ ದಡದ ಔಡನಾರ್ಡ ಪಟ್ಟಣದ ಸುತ್ತಮುತ್ತ, ಬಹುಕಾಲದಿಂದ ತಯಾರಾಗುತ್ತಿರುವ ಕಂದು ಬಣ್ಣದ ಹುಳಿ ಬಿಯರಿಗೆ ಔಡ್ ಬ್ರೊಯ್ನ್ ಎಂದು ಹೆಸರು. ಡಚ್ ಭಾಷೆಯಲ್ಲಿ ಹೀಗೆಂದರೆ ‘ಹಳೆಯ ಕಂದು’. ಹುದುಗುವಿಕೆ ಮುಗಿದ ಬಿಯರನ್ನು ಕೂಡಲೇ ಮಾರಾಟಕ್ಕೆ ಕಳಿಸದೆ ತಿಂಗಳುಗಟ್ಟಲೆ ಮಾಗಲು ಬಿಡುವುದರಿಂದ ‘ಹಳೆಯ’ ಎಂಬ ವಿಶೇಷಣ ಅದಕ್ಕೆ ಸೇರಿಕೊಂಡಿದೆ. ನೆರೆಯ ನೆದರ್ಲೆಂಡ್ಸ್‌ನಲ್ಲಿಯೂ ಇದೇ ಹೆಸರಿನ ಬಿಯರ್ ಸಿಗುತ್ತದೆ, ಆದರೆ ಅದು ಆಲ್ಕೊಹಾಲ್ ತೀರ ಕಡಿಮೆಯಿರುವ ಸಿಹಿಯಾದ ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸುವ ಬಗೆಯ ಬಿಯರ್. ಇಲ್ಲಿ ಹೇಳಹೊರಟಿರುವುದು ಫ್ಲಾಂಡರ್ಸಿನ ಹುಳಿ ಏಲ್ (ತುಸು ಬೆಚ್ಚಗಿನ ತಾಪದಲ್ಲಿ ಹುದುಗಿಸುವ ಬಗೆಯ ಬಿಯರ್) ಕುರಿತು.

ಈ ಬಿಯರನ್ನು ಸವಿದವರು ಬರೆದಿಡುವ ಟಿಪ್ಪಣಿಗಳಲ್ಲಿ ಒಣದ್ರಾಕ್ಷಿ, ಪ್ಲಮ್, ಚೆರಿ, ಕಂದಿಸಿದ ಸಕ್ಕರೆ, ವಿನೆಗರ್, ತೊಗಲು, ಓಕ್ ಮರ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಬಿಯರ್ ತಯಾರಿಸುವಾಗ ಯಾರೂ ಒಣದ್ರಾಕ್ಷಿಯನ್ನಾಗಲಿ ತೊಗಲನ್ನಾಗಲಿ ಹಾಕಿರುವುದಿಲ್ಲವಾದ್ದರಿಂದ, ಮೊದಲ ಬಾರಿ ಓದುವವರಿಗೆ ಇವು ಕವಿಕಲ್ಪನೆಯಂತೆ ಕಾಣಬಹುದು. ಹಾಗೆ ತಳ್ಳಿಹಾಕುವುದು ಸರಿಯಲ್ಲ. ಪ್ರತಿಯೊಂದು ಅನಿಸಿಕೆಯ ಹಿಂದೆಯೂ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು) ಹುರಿದ ಹದ, ಹುದುಗಿಸಿದ ಸೂಕ್ಷ್ಮಜೀವಿ, ಮಾಗಿಸಿದ ಪಾತ್ರೆ, ಹಳೆಯದಕ್ಕೆ ಹೊಸದನ್ನು ಬೆರೆಸಿದ ಪ್ರಮಾಣ, ಇವುಗಳಲ್ಲಿ ಯಾವುದಾದರೊಂದು ಕಾರಣ ಇದ್ದೇ ಇರುತ್ತದೆ. ಒಳ್ಳೆಯ ರುಚಿ ಟಿಪ್ಪಣಿಯೆಂದರೆ ಆ ಬಿಯರ್ ತಯಾರಾದ ಬಗೆಯನ್ನು ನಾಲಿಗೆಯಿಂದ ಓದಿ ಹೇಳುವುದು ಎಂದೇ ನಾನು ತಿಳಿದಿದ್ದೇನೆ.

ಔಡನಾರ್ಡದ ಲೀಫ್ಮನ್ಸ್ ಬ್ರೂವರಿಯ ಗೌಡನ್‌ಬಾಂಡ್ ಈ ಬಗೆಯ ಅತ್ಯಂತ ಪರಿಚಿತ ಉದಾಹರಣೆ. ಆಲ್ಕೊಹಾಲ್ ಪ್ರಮಾಣ ಶೇ. 8. ಬಾಟಲಿಯನ್ನು ತೆಳುವಾದ ಕಾಗದದಲ್ಲಿ ಸುತ್ತಿ ಮಾರುವುದು ಆ ಬ್ರೂವರಿಯ ವಾಡಿಕೆ. ಟ್ಯೂಲಿಪ್ ಆಕಾರದ ಗ್ಲಾಸಿಗೆ ಸುರಿದಾಗ ಅದು ಮೊದಲ ನೋಟಕ್ಕೆ ಕಪ್ಪಾಗಿಯೇ ಕಾಣುತ್ತದೆ. ದೀಪಕ್ಕೆ ಹಿಡಿದರೆ ಮಾತ್ರ ಅಂಚಿನಲ್ಲಿ ಮಾಣಿಕ್ಯದ ಕೆಂಪು ತೋರುತ್ತದೆ. ಸ್ಟೌಟ್ ಎಂಬ ಕಪ್ಪು ಬಿಯರುಗಳಲ್ಲಿರುವಂತೆ ಕರಿಯಾಗುವಷ್ಟು ಹುರಿದ ಧಾನ್ಯವನ್ನು ಇಲ್ಲಿ ಹೆಚ್ಚು ಬಳಸುವುದಿಲ್ಲ, ಒಳಗಿನ ಸಕ್ಕರೆ ಕಂದುವವರೆಗೆ ಮಾತ್ರ ಕಾಯಿಸಿದ ಕ್ಯಾರಮೆಲ್ ಮಾಲ್ಟುಗಳನ್ನು ಬಳಸುತ್ತಾರೆ. ಆದ್ದರಿಂದಲೇ ಬಣ್ಣ ಗಾಢವಾಗಿದ್ದರೂ ಕಾಫಿಯ ಕಹಿ ಬರುವುದಿಲ್ಲ. ಅದರ ಬದಲು ಒಣಹಣ್ಣು, ಟಾಫಿ, ಬ್ರೆಡ್ಡಿನ ಕಂದು ಅಂಚು ನೆನಪಾಗುತ್ತವೆ. ಟಿಪ್ಪಣಿಗಳಲ್ಲಿ ಬರುವ ಒಣದ್ರಾಕ್ಷಿಯ ಮೂಲ ಬಹುಮಟ್ಟಿಗೆ ಇದೇ. ಇದಕ್ಕೆ ಯೀಸ್ಟ್ ಹುಟ್ಟಿಸುವ ಎಸ್ಟರ್ ಎಂಬ ಸುವಾಸನಾ ದ್ರವ್ಯಗಳು ಕೂಡಿಕೊಂಡಾಗ ಪ್ಲಮ್ ಮತ್ತು ಚೆರಿಯ ಅನಿಸಿಕೆ ಮೂಡುತ್ತದೆ. ನಿಜವಾಗಿ ಚೆರಿ ಹಣ್ಣು ಹಾಕಿ ಮಾಗಿಸುವ ಬಿಯರುಗಳೂ ಅದೇ ಬ್ರೂವರಿಯಲ್ಲಿ ತಯಾರಾಗುತ್ತವೆ, ಅವುಗಳ ಲೆಕ್ಕ ಬೇರೆ.

ಈಗ ಹುಳಿಯ ವಿಚಾರಕ್ಕೆ ಬರೋಣ. ಟಿಪ್ಪಣಿಗಳಲ್ಲಿ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಹುಳಿ ಎಂದೊಡನೆ ‘ವಿನೆಗರ್’ ಎಂದು ಬರೆದುಬಿಡುವ ಅಭ್ಯಾಸ ಅನೇಕರಲ್ಲಿದೆ, ಆದರೆ ಈ ಬಿಯರಿನಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿದ್ದು ಅವುಗಳ ನಡವಳಿಕೆ ಒಂದೇ ತೆರನಾಗಿಲ್ಲ. ಲ್ಯಾಕ್ಟೊಬ್ಯಾಸಿಲಸ್ ಮತ್ತು ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಮೊಸರನ್ನು ಹುಳಿಯಾಗಿಸುವುದೂ ಇದೇ ಆಮ್ಲ. ಇದು ಸುಲಭವಾಗಿ ಆವಿಯಾಗುವಂಥದ್ದಲ್ಲವಾದ್ದರಿಂದ ಮೂಗಿಗೆ ಇದರ ಸುಳಿವು ಸಿಗುವುದಿಲ್ಲ. ಗುಟುಕು ಬಾಯಿಗೆ ಬಂದ ಮೇಲೆಯೇ ನಾಲಿಗೆಯ ಅಂಚುಗಳಲ್ಲಿ ಮೃದುವಾಗಿ, ದುಂಡಗೆ ಹರಡಿ ಬಾಯಲ್ಲಿ ನೀರೂರಿಸುತ್ತದೆ. ಅಸಿಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಮಾಡುವ ಕೆಲಸ ಬೇರೆ: ಅವು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಆಲ್ಕೊಹಾಲನ್ನೇ ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ವಿನೆಗರಿನಲ್ಲಿರುವುದು ಈ ಆಮ್ಲ. ಇದು ಆವಿಯಾಗುವುದರಿಂದ ಗ್ಲಾಸನ್ನು ಮುಖದ ಹತ್ತಿರ ತರುವಾಗಲೇ ಮೂಗಿಗೆ ಚುರುಕಾಗಿ ತಾಗುತ್ತದೆ, ಕುಡಿದರೆ ಗಂಟಲಿನ ಬಳಿ ಸಣ್ಣ ಉರಿ ಕೊಡುತ್ತದೆ. ಹೀಗಾಗಿ ಮೂಗಿಗೆ ಏನೂ ತಾಗದೆ ಬಾಯಲ್ಲಿ ಮಾತ್ರ ಹುಳಿ ಅನಿಸಿದರೆ ಅದನ್ನು ಲ್ಯಾಕ್ಟಿಕ್ ಎಂದೂ, ಮೂಗಿನಲ್ಲಿಯೇ ಹುಳಿ ತಿಳಿದರೆ ಅಸಿಟಿಕ್ ಎಂದೂ ಗುರುತಿಸಬಹುದು. ಇಷ್ಟು ಸರಳವಾದ ಪರೀಕ್ಷೆಯನ್ನು ಮಾಡಿದ ಬಳಿಕವೇ ವಿನೆಗರ್ ಎಂಬ ಪದವನ್ನು ಬಳಸಬೇಕೆಂಬುದು ನನ್ನ ಆಗ್ರಹ.

ಔಡ್ ಬ್ರೊಯ್ನ್ ಬಿಯರನ್ನು ಸಾಮಾನ್ಯವಾಗಿ ಲೋಹದ ಟ್ಯಾಂಕುಗಳಲ್ಲಿ ಮಾಗಿಸುತ್ತಾರೆ. ಒಳಗೆ ಗಾಳಿಯಾಡದ ಕಾರಣ ಅಸಿಟೊಬ್ಯಾಕ್ಟರಿಗೆ ಅವಕಾಶ ಕಡಿಮೆ, ಹುಳಿ ಹೆಚ್ಚಾಗಿ ಲ್ಯಾಕ್ಟಿಕ್. ಇದೇ ಫ್ಲಾಂಡರ್ಸಿನ ಪಶ್ಚಿಮ ಭಾಗಕ್ಕೆ ಹೋದರೆ ಇದರ ಹತ್ತಿರದ ಸಂಬಂಧಿಯಾದ ಕೆಂಪು ಏಲ್ ಸಿಗುತ್ತದೆ. 1821ರಲ್ಲಿ ರುಸೆಲಾರ ಪಟ್ಟಣದಲ್ಲಿ ಆರಂಭವಾದ ರೋಡನ್‌ಬಾಖ್ ಬ್ರೂವರಿ ಅದಕ್ಕೆ ಹೆಸರುವಾಸಿ. ಅಲ್ಲಿನ ನೆಲಮಾಳಿಗೆಗಳಲ್ಲಿ ಫೂಡರ್ ಎಂದು ಕರೆಯಲಾಗುವ, ಮನುಷ್ಯನ ಎತ್ತರವನ್ನು ಎಷ್ಟೋ ಪಾಲು ಮೀರಿದ 294 ಓಕ್ ಪೀಪಾಯಿಗಳು ನೆಟ್ಟಗೆ ನಿಂತಿವೆ. ಬಿಯರ್ ಅವುಗಳಲ್ಲಿ ಸುಮಾರು ಎರಡು ವರ್ಷ ಇರುತ್ತದೆ. ಮರದ ಹಲಗೆಗಳ ಮೂಲಕ ಆಮ್ಲಜನಕ ಬಹಳ ನಿಧಾನವಾಗಿ ಒಳಗೆ ಇಳಿಯುತ್ತಿರುವುದರಿಂದ ಅಸಿಟಿಕ್ ಆಮ್ಲ ಹುಟ್ಟುತ್ತದೆ; ಪೀಪಾಯಿ ದೊಡ್ಡದಾದಷ್ಟೂ ಒಳಗಿನ ಬಿಯರಿನ ಅಳತೆಗೆ ಹೋಲಿಸಿದರೆ ಮರದ ಮೈ ಕಡಿಮೆಯಾಗುವ ಕಾರಣ, ಈ ಆಮ್ಲ ಮಿತಿಮೀರದೆ ಹಿಡಿತದಲ್ಲಿರುತ್ತದೆ. ಔಡ್ ಬ್ರೊಯ್ನ್ ಮತ್ತು ಕೆಂಪು ಏಲ್‌ಗಳ ಗಡಿ ಎಲ್ಲ ಸಂದರ್ಭಗಳಲ್ಲೂ ಸ್ಪಷ್ಟವಾಗಿರುವುದಿಲ್ಲ. ಕುಡಿಯುವವರ ಮಟ್ಟಿಗೆ ವ್ಯತ್ಯಾಸವನ್ನು ಹೀಗೆ ಹೇಳಬಹುದು: ಮೊದಲನೆಯದರಲ್ಲಿ ಮಾಲ್ಟಿನ ಸಿಹಿ ಮುಂದೆ ನಿಂತು ಹುಳಿ ಹಿಂದಿನಿಂದ ಬರುತ್ತದೆ, ಎರಡನೆಯದರಲ್ಲಿ ಹುಳಿಯೇ ಮುಂದಾಳು, ಓಕಿನ ಒಗರು ಅದರ ಜೊತೆಗಾರ.

ಹಳೆಯ ಬಿಯರನ್ನು ಹಾಗೆಯೇ ಬಾಟಲಿಗೆ ತುಂಬಿದರೆ ಹೆಚ್ಚಿನವರಿಗೆ ಕುಡಿಯಲು ಕಷ್ಟವಾಗುವಷ್ಟು ಹುಳಿಯಿರುತ್ತದೆ. ಅದಕ್ಕಾಗಿ ಇನ್ನೂ ಸಿಹಿಯುಳಿದಿರುವ ಎಳೆಯ ಬಿಯರನ್ನು ಬೆರೆಸುತ್ತಾರೆ. ರೋಡನ್‌ಬಾಖ್‌ನ ಸಾಮಾನ್ಯ ಬಿಯರಿನಲ್ಲಿ ಮುಕ್ಕಾಲು ಪಾಲು ಎಳೆಯದು, ಕಾಲು ಪಾಲು ಹಳೆಯದು. ಅದೇ ಬ್ರೂವರಿಯ ಗ್ರಾನ್ ಕ್ರೂ ಎಂಬ ಬಿಯರಿನಲ್ಲಿ ಮೂರರಲ್ಲಿ ಎರಡು ಪಾಲು ಹಳೆಯದು. ಎರಡನ್ನೂ ಅಕ್ಕಪಕ್ಕ ಇಟ್ಟು ಸವಿದರೆ ಬೆರಕೆಯ ಪ್ರಮಾಣವೊಂದೇ ರುಚಿಯನ್ನು ಎಷ್ಟು ಬದಲಿಸುತ್ತದೆಂಬುದು ಕೂಡಲೇ ತಿಳಿಯುತ್ತದೆ: ಮೊದಲನೆಯದು ಬಾಯಾರಿಕೆಗೆ ಸಲ್ಲುವ ಹಗುರವಾದ ಪಾನೀಯ, ಎರಡನೆಯದು ಸಣ್ಣ ಗುಟುಕುಗಳಲ್ಲಿ ನಿಧಾನವಾಗಿ ಕುಡಿಯಬೇಕಾದದ್ದು. ಹುಣಸೆಹಣ್ಣಿನ ಗೊಜ್ಜಿಗೆ ಬೆಲ್ಲ ಹಾಕಿ ಹದ ನೋಡುವವರು ಮಾಡುವ ಕೆಲಸವನ್ನೇ ಬೆರೆಸುವವರು ಇಲ್ಲಿ ಮಾಡುತ್ತಾರೆ. ಸಿಹಿ ಸೇರಿದಾಗ ಹುಳಿ ಕಡಿಮೆಯಾಗುವುದಿಲ್ಲ, ಅದು ಸಹ್ಯವಾಗುತ್ತದೆ. ಫಿಖ್ಟ ಊರಿನ ಫರ್ಹಾಖ ಬ್ರೂವರಿಯ ಡಶೆಸ್ ಡಿ ಬುರ್ಗೋನ್ ಈ ಹದದಲ್ಲಿ ಸಿಹಿಯ ಕಡೆಗೆ ವಾಲುವ ಬಿಯರ್. 1482ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ ಬರ್ಗಂಡಿಯ ಡಚೆಸ್ (ಆಡಳಿತಗಾರ್ತಿ) ಮೇರಿಯ ನೆನಪಿಗೆ ಇಟ್ಟ ಹೆಸರು ಅದು. ಹುಳಿ ಬಿಯರನ್ನು ಮೊದಲ ಬಾರಿ ಸವಿಯುವವರಿಗೆ ನಾನು ಸೂಚಿಸುವುದೂ ಅದನ್ನೇ.

ತೊಗಲು, ಹಳೆಯ ಮರ, ಕೊಟ್ಟಿಗೆಯ ವಾಸನೆ ಎಂದು ಬರೆಯುವುದು ಬ್ರೆಟನೊಮೈಸೀಸ್ ಎಂಬ ಯೀಸ್ಟಿನ ಗುರುತು. 1904ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿದ್ದ ಕ್ಲಾಸನ್ ಎಂಬ ವಿಜ್ಞಾನಿ ಇಂಗ್ಲಿಷ್ ಬಿಯರಿನ ವಿಶಿಷ್ಟ ರುಚಿಗೆ ಕಾರಣ ಹುಡುಕುತ್ತ ಇದನ್ನು ಗುರುತಿಸಿ ಹೆಸರಿಟ್ಟರು. ಸಾಮಾನ್ಯ ಯೀಸ್ಟ್ ತಿನ್ನಲಾರದ ಸಕ್ಕರೆಗಳನ್ನೂ ಇದು ನಿಧಾನವಾಗಿ ತಿಂದು ಬಿಯರಿನ ಸಿಹಿಯನ್ನು ಇಳಿಸುತ್ತದೆ. ಪೀಡಿಯೊಕಾಕಸ್ ಬಿಟ್ಟುಹೋಗುವ ಬೆಣ್ಣೆಯಂಥ ವಾಸನೆಯನ್ನೂ ಅಳಿಸುತ್ತದೆ. ಅಸಿಟಿಕ್ ಆಮ್ಲ ಆಲ್ಕೊಹಾಲಿನೊಂದಿಗೆ ಕೂಡಿದಾಗ ಈಥೈಲ್ ಅಸಿಟೇಟ್ ಆಗುತ್ತದೆ. ಅಲ್ಪವಾಗಿದ್ದರೆ ಅದು ಹಣ್ಣಿನ ಕಂಪು, ಹೆಚ್ಚಾದರೆ ಉಗುರುಬಣ್ಣದ ಘಾಟು. ಉಗುರುಬಣ್ಣದ ವಾಸನೆ ಬಂದರೆ ಅದನ್ನು ದೋಷವೆಂದೇ ಬರೆಯಬೇಕು.

ಕಹಿ ಈ ಬಿಯರಿನಲ್ಲಿ ಬಹುತೇಕ ಇಲ್ಲ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳು ಹೆಚ್ಚಾದರೆ ಲ್ಯಾಕ್ಟೊಬ್ಯಾಸಿಲಸ್ ಬೆಳೆಯುವುದಿಲ್ಲ, ಅಲ್ಲದೆ ಕಹಿಯೂ ಹುಳಿಯೂ ಬಾಯಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಕೊನೆಯಲ್ಲಿ ಒಸಡಿನ ಮೇಲೆ ಉಳಿಯುವ ಬಿಗುವನ್ನು ಕೆಲವರು ಕಹಿ ಎಂದು ಬರೆಯುತ್ತಾರೆ; ಅದು ಮಾಲ್ಟಿನ ಹೊಟ್ಟಿನಿಂದ ಮತ್ತು ಓಕಿನಿಂದ ಬಂದ ಟ್ಯಾನಿನ್ನಿನ ಒಗರು.

ಬೆಲ್ಜಿಯಂನ ಇನ್ನೊಂದು ಪ್ರಸಿದ್ಧ ಹುಳಿ ಬಿಯರಾದ ಲ್ಯಾಂಬಿಕ್‌ಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಬ್ರಸೆಲ್ಸ್ ಸುತ್ತಮುತ್ತ ತಯಾರಾಗುವ ಲ್ಯಾಂಬಿಕ್‌ಗೆ ಯಾರೂ ಯೀಸ್ಟ್ ಹಾಕುವುದಿಲ್ಲ, ರಾತ್ರಿಯಿಡೀ ತೆರೆದಿಟ್ಟ ಮಾಲ್ಟಿನ ಸಿಹಿ ರಸಕ್ಕೆ ಪರಿಸರದಲ್ಲಿರುವ ಜೀವಿಗಳೇ ಬಂದು ಸೇರುತ್ತವೆ. ಔಡ್ ಬ್ರೊಯ್ನ್‌ಗೆ ಬ್ರೂವರಿಯೇ ಕಾಪಾಡಿಕೊಂಡು ಬಂದ ಮಿಶ್ರ ಹುದುಗನ್ನು ಹಾಕುತ್ತಾರೆ. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಹುಳಿ ಬಿಯರೆಂದು ಕೆಲವೊಮ್ಮೆ ಸಿಗುವುದು ಸಾಮಾನ್ಯವಾಗಿ ಇವೆರಡೂ ಅಲ್ಲದ ಮೂರನೆಯ ಬಗೆ: ರಸವನ್ನು ಪಾತ್ರೆಯಲ್ಲಿಯೇ ಒಂದೆರಡು ದಿನಗಳಲ್ಲಿ ಲ್ಯಾಕ್ಟಿಕ್ ಹುಳಿಗೆ ತಂದು, ಬಳಿಕ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಂದು ಹುದುಗಿಸಿದ್ದು. ಅದು ಶುಚಿಯಾದ, ಏಕಮುಖವಾದ ಹುಳಿ. ಅದನ್ನು ಮಾತ್ರ ಕುಡಿದು ಹುಳಿ ಬಿಯರೆಂದರೆ ಇಷ್ಟೇ ಎಂದುಕೊಂಡವರು ಔಡ್ ಬ್ರೊಯ್ನ್ ಒಂದನ್ನು ಸವಿದು ನೋಡಬೇಕು. ಮಾಗುವಿಕೆಗೆ ಕೊಟ್ಟ ಸಮಯ ಏನನ್ನು ಸೇರಿಸುತ್ತದೆಂಬುದು ಆಗ ನಾಲಿಗೆಗೇ ಗೊತ್ತಾಗುತ್ತದೆ.

ಸವಿಯುವಾಗ ಬಿಯರ್ 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿದ್ದರೆ ಸಾಕು. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದರಲ್ಲಿ ಸಿಹಿಯೂ ಕಂಪೂ ಮುದುಡಿಕೊಂಡು ಹುಳಿಯೇ ಎದ್ದು ಕಾಣುತ್ತದೆ, ಹದಿನೈದು ನಿಮಿಷ ಬಿಟ್ಟರೆ ಅದೇ ಗ್ಲಾಸಿನಲ್ಲಿ ಪ್ಲಮ್ ಮತ್ತು ಕ್ಯಾರಮೆಲ್ ಮೇಲೆ ಬರುತ್ತವೆ. ಆದ್ದರಿಂದ ಮೊದಲ ಗುಟುಕಿಗೇ ಟಿಪ್ಪಣಿ ಬರೆದು ಮುಗಿಸಬಾರದು. ಫ್ಲಾಂಡರ್ಸಿನ ಮನೆಗಳಲ್ಲಿ ದನದ ಮಾಂಸವನ್ನು ಈರುಳ್ಳಿಯೊಂದಿಗೆ ಕಂದು ಬಿಯರಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಸ್ಟೋಫ್ಲೇಸ್ ಎಂಬ ಅಡುಗೆ ಮಾಡುತ್ತಾರೆ. ಬಿಯರಿನ ಹುಳಿ ಕೊಬ್ಬಿನ ಜಿಡ್ಡನ್ನು ಮುರಿದರೆ, ಮಾಲ್ಟಿನ ಸಿಹಿ ಸಾರನ್ನು ಗಟ್ಟಿಯಾಗಿಸುತ್ತದೆ. ಬಲವಾದ ಚೀಸ್ ಜೊತೆಗೂ ಈ ಬಿಯರ್ ಚೆನ್ನಾಗಿ ಹೊಂದುತ್ತದೆ. ಗೌಡನ್‌ಬಾಂಡ್‌ನಂಥ ಬಾಟಲಿಗಳನ್ನು ಬೆಳಕು ಬೀಳದ ತಂಪು ಜಾಗದಲ್ಲಿ ವರ್ಷಗಳ ಕಾಲ ಇಡಬಹುದು. ಆಗ ಎಳೆಯ ಸಿಹಿ ಇಳಿದು ಶೆರಿ ಮದ್ಯವನ್ನು ಹೋಲುವ, ಆಮ್ಲಜನಕದಿಂದ ಮಾಗಿದ ಬಾದಾಮಿಯ ರುಚಿ ಮುಂದಕ್ಕೆ ಬರುತ್ತದೆ. ಟಿಪ್ಪಣಿ ಬರೆಯುವವರು ಬಾಟಲಿ ತುಂಬಿದ ವರ್ಷವನ್ನೂ ಗುರುತು ಹಾಕಿಕೊಳ್ಳುವುದು ಈ ಕಾರಣಕ್ಕಾಗಿ.