ಲ್ಯಾಬ್‌ನಲ್ಲಿ ಸಾಕುವ ಮರಳು ನೊಣ ಹೊರಗೆ ಬಂದರೆ ಏನಾಗುತ್ತದೆ?

ಪ್ರಶ್ನೆ: ಮೇಡಂ, ರೋಗ ಹರಡುವ ಮರಳು ನೊಣಗಳನ್ನು ನಮ್ಮ ಪುಣೆಯ ಲ್ಯಾಬ್‌ನಲ್ಲೇ ಸಾಕುತ್ತಾರಂತೆ. ಒಂದೆರಡು ತಪ್ಪಿಸಿಕೊಂಡು ಹೊರಗೆ ಬಂದರೆ ಸುತ್ತಮುತ್ತ ಇರುವವರ ಗತಿ ಏನು? ಇಷ್ಟು ಅಪಾಯದ ಹುಳವನ್ನು ಯಾಕಾದರೂ ಸಾಕಬೇಕು?

ಉತ್ತರ: 2024ರಲ್ಲಿ ಗುಜರಾತಿನ ಮಕ್ಕಳಿಗೆ ಮರಳು ನೊಣದಿಂದ ಹರಡುವ ಚಾಂದಿಪುರ ಜ್ವರ ಬಂತಲ್ಲ, ಸ್ಯಾಂಪಲ್‌ಗಳು ಪರೀಕ್ಷೆಗೆ ಪುಣೆಗೆ ಬಂದವು ಅಂತ ಟಿವಿಯಲ್ಲಿ ಬಂತಲ್ಲ, ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೋಥ್ರೂಡ್‌ನ ಕಿರಾಣಿ ಅಂಗಡಿಯಲ್ಲಿ, ಸಂಘದ ಕಾರ್ಯಕ್ರಮದ ಊಟದ ಪಂಕ್ತಿಯಲ್ಲಿ, ಊರಿಂದ ಫೋನ್ ಮಾಡುವ ಚಿಕ್ಕಮ್ಮನ ಬಾಯಲ್ಲಿ, ಎಲ್ಲಾ ಕಡೆ ಇದೇ. ಎರಡು ಮಾತಲ್ಲಿ ಹೇಳಿ ಮುಗಿಸಿದರೆ ಮುಂದಿನ ವಾರ ಅವರೇ ಮತ್ತೆ ಅದನ್ನೇ ಕೇಳುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಸಾಕಿದ ಮರಳು ನೊಣದಲ್ಲಿ ರೋಗ ಇರುವುದಿಲ್ಲ. ರೋಗ ಇಲ್ಲದ ನೊಣ ಬೇಕು ಅಂತಲೇ ಅದನ್ನು ಸಾಕುವುದು.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ನನಗೆ ಗೊತ್ತು. ಹಾವಿನ ಮರಿಗೆ ವಿಷ ಇರುವ ಹಾಗೆ ಈ ನೊಣಕ್ಕೂ ಹುಟ್ಟಿನಿಂದಲೇ ರೋಗ ಅಂಟಿಕೊಂಡಿರುತ್ತದೆ ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ. ಓದಿದವರು, ಡಾಕ್ಟರ್‌ಗಳು ಕೂಡ ಹೀಗೇ ಮಾತಾಡುತ್ತಾರೆ. ಕಾಲಾ ಅಜಾರ್ ಉದಾಹರಣೆ ತೆಗೆದುಕೊಳ್ಳಿ. ಬಿಹಾರ, ಜಾರ್ಖಂಡ್, ಬಂಗಾಳದ ಬಡವರನ್ನು ತಲೆಮಾರುಗಳಿಂದ ಕಾಡಿದ ಕಾಯಿಲೆ ಇದು. ರೋಗಕ್ಕೆ ಕಾರಣ ಲೀಶ್ಮೇನಿಯಾ ಡೊನೊವಾನಿ ಅನ್ನುವ ಪರಾವಲಂಬಿ ಜೀವಿ. ಅದನ್ನು ಸಾಗಿಸುವುದು ಫ್ಲೆಬೋಟೋಮಸ್ ಅರ್ಜೆಂಟಿಪೆಸ್ ಅನ್ನುವ ಮರಳು ನೊಣ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು ಅಂತ. ಗಂಡು ಗಿಡದ ಸಿಹಿ ರಸ ಕುಡಿದುಕೊಂಡೇ ಬದುಕುತ್ತದೆ.

ಹೆಣ್ಣು ನೊಣ ಮೊಟ್ಟೆಯಿಂದ ಬರುವಾಗ ಅದರಲ್ಲಿ ಈ ಪರಾವಲಂಬಿ ಇರುವುದೇ ಇಲ್ಲ. ಲೀಶ್ಮೇನಿಯಾ ತಾಯಿ ನೊಣದಿಂದ ಮೊಟ್ಟೆಗೆ ದಾಟುವುದಿಲ್ಲ. ನೊಣ ಮೊದಲು ಒಬ್ಬ ರೋಗಿಯನ್ನು ಕಚ್ಚಬೇಕು. ರಕ್ತದ ಜೊತೆ ಒಳಗೆ ಹೋದ ಪರಾವಲಂಬಿ ನೊಣದ ಹೊಟ್ಟೆಯಲ್ಲಿ ರೂಪ ಬದಲಿಸಬೇಕು. ರಕ್ತ ಅರಗಿ ಹೊರಗೆ ಹೋಗುವಾಗ ಜೊತೆಗೆ ಕೊಚ್ಚಿಹೋಗದೆ ಕರುಳಿಗೆ ಅಂಟಿಕೊಂಡು ಉಳಿಯಬೇಕು. ಆಮೇಲೆ ಸುಮಾರು ಒಂದು ವಾರ ಬೆಳೆದು, ಸಂಖ್ಯೆ ಜಾಸ್ತಿಯಾಗಿ, ಮುಂದಕ್ಕೆ ಸರಿದು ಗಂಟಲ ಹತ್ತಿರ ಕಿಕ್ಕಿರಿದು ತುಂಬಬೇಕು. ಅಷ್ಟು ದಿನ ನೊಣ ಸಾಯದೆ ಇರಬೇಕು. ಆಮೇಲೆ ಅದು ಎರಡನೇ ಸಲ ಕಚ್ಚಬೇಕು. ಆಗ ಮಾತ್ರ ಇನ್ನೊಬ್ಬರಿಗೆ ರೋಗ. ಇದರಲ್ಲಿ ಒಂದು ಹಂತ ತಪ್ಪಿದರೂ ಏನೂ ಆಗುವುದಿಲ್ಲ. ಭಾರತದಲ್ಲಿ ಈ ರೋಗ ಮನುಷ್ಯರಿಂದ ಮನುಷ್ಯರಿಗೇ ಹೋಗುವಂಥದ್ದು. ಅಂದರೆ ರೋಗಿ ಇಲ್ಲದ ಕಡೆ ನೊಣ ಎಷ್ಟಿದ್ದರೂ ಕಾಲಾ ಅಜಾರ್ ಇಲ್ಲ.

ಇನ್ನೂ ನಂಬಿಕೆ ಬರಲಿಲ್ಲವಾದರೆ ಚರಿತ್ರೆ ನೋಡಿ. 1924ರಲ್ಲಿ ಕಲ್ಕತ್ತಾದಲ್ಲಿ ನೋಲ್ಸ್, ನೇಪಿಯರ್, ಸ್ಮಿತ್ ಮೂವರೂ ಸೇರಿ ರೋಗಿಗಳ ರಕ್ತ ಕುಡಿಸಿದ ಮರಳು ನೊಣದೊಳಗೆ ಈ ಪರಾವಲಂಬಿ ಬೆಳೆಯುವುದನ್ನು ಕಂಡರು. ಅಪರಾಧಿ ಸಿಕ್ಕಿತು ಅಂತ ಎಲ್ಲರಿಗೂ ಅನ್ನಿಸಿತು. ಆದರೆ ಕಚ್ಚಿದರೆ ರೋಗ ಬರುತ್ತದೆ ಅಂತ ತೋರಿಸಬೇಕಲ್ಲ? ಅದು ಆಗಲೇ ಇಲ್ಲ. ವರ್ಷಗಟ್ಟಲೆ ಪ್ರಯತ್ನ ನಡೆಯಿತು. ರಕ್ತ ಕುಡಿದು ಮೊಟ್ಟೆ ಇಟ್ಟ ನೊಣ ಎರಡನೇ ಸಲ ಕಚ್ಚುವ ಮೊದಲೇ ಸಾಯುತ್ತಿತ್ತು. ಕೊನೆಗೆ 1940ರ ಸುಮಾರಿಗೆ ಸ್ಮಿತ್ ಮತ್ತು ಸಂಗಡಿಗರು ಸೋಂಕಿನ ರಕ್ತ ಕುಡಿದ ನೊಣಗಳಿಗೆ ಮತ್ತೆ ರಕ್ತ ಕೊಡುವ ಬದಲು ಒಣದ್ರಾಕ್ಷಿ ಇಟ್ಟರು. ಅಷ್ಟೇ. ಸಿಹಿ ರಸ ಹೀರಿದ ನೊಣಗಳು ಬದುಕಿದವು, ಪರಾವಲಂಬಿ ಗಂಟಲವರೆಗೂ ತುಂಬಿಕೊಂಡಿತು. ಅದೇ ದಾರಿ ಹಿಡಿದು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಅಸ್ಸಾಮಿನಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಕಚ್ಚುವುದರಿಂದಲೇ ರೋಗ ಬರುತ್ತದೆ ಅಂತ ಸಾಬೀತು ಮಾಡಿದರು.

ಲೆಕ್ಕ ಹಾಕಿ. ರೋಗ ಹರಡಿಸಲೇಬೇಕು ಅಂತ ಪಣ ತೊಟ್ಟವರಿಗೆ, ರೋಗಿಯ ರಕ್ತ ಕೈಯಲ್ಲೇ ಇದ್ದವರಿಗೆ, 18 ವರ್ಷ ಹಿಡಿಯಿತು. ರೋಗಿಯ ಮುಖವನ್ನೇ ಕಾಣದ, ಸಕ್ಕರೆ ನೀರು ಕುಡಿದು ಬೆಳೆದ ನೊಣ ಕಿಟಕಿಯಿಂದ ಹಾರಿ ಬಂದು ನಿಮಗೆ ಕಾಲಾ ಅಜಾರ್ ತರುತ್ತದೆಯಾ?

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಯಾಕೆಂದರೆ ಅರ್ಧ ಸತ್ಯ ಹೇಳುವುದು ನನಗೆ ಆಗದು. ವೈರಸ್‌ಗಳ ದಾರಿಯೇ ಬೇರೆ. ಚಾಂದಿಪುರ ವೈರಸ್ 1965ರಲ್ಲಿ ನಾಗಪುರದ ಹತ್ತಿರದ ಅದೇ ಹೆಸರಿನ ಹಳ್ಳಿಯಲ್ಲಿ, ಜ್ವರ ಬಂದವರ ರಕ್ತದಲ್ಲಿ ಸಿಕ್ಕಿದ್ದು. ಕಂಡುಹಿಡಿದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಪತ್ತೆ ಮಾಡಿದ್ದೂ ಇದೇ ಕೇಂದ್ರ ಅನ್ನುವುದು ಶಿವಮೊಗ್ಗದವರಿಗಾದರೂ ನೆನಪಿರಲಿ. ಚಾಂದಿಪುರ ವೈರಸ್ ಸೋಂಕಿರುವ ತಾಯಿ ನೊಣದಿಂದ ಮೊಟ್ಟೆಗೆ ದಾಟಬಹುದು, ಗಂಡಿನಿಂದ ಹೆಣ್ಣಿಗೂ ದಾಟಬಹುದು. ಪುಣೆಯ ವಿಜ್ಞಾನಿಗಳೇ ಸಾಕಿದ ನೊಣಗಳಲ್ಲಿ ಇದನ್ನು ತೋರಿಸಿದ್ದಾರೆ. ಆದರೆ ಅದಕ್ಕೂ ತಾಯಿಗೆ ಮೊದಲು ಸೋಂಕಿರಬೇಕು. ಹಾಗಾಗಿ ಹೊಲ, ಕೊಟ್ಟಿಗೆಯಿಂದ ಹಿಡಿದು ತಂದ ನೊಣಗಳಿಂದ ಸಂತತಿ ಶುರು ಮಾಡುವಾಗ ವೈರಸ್ ಇದೆಯಾ ಅಂತ ಪರೀಕ್ಷೆ ಮಾಡುವುದು ಕಡ್ಡಾಯ. ಸೋಂಕು ಕೊಟ್ಟು ನೋಡುವ ಪ್ರಯೋಗಗಳು ಬೇರೆಯೇ ಬಿಗಿ ಕೋಣೆಯಲ್ಲಿ ನಡೆಯುತ್ತವೆ. ಆ ನೊಣಗಳು ಸಾಕುವ ಕೋಣೆಗೆ ವಾಪಸ್ ಬರುವುದಿಲ್ಲ.

ಈಗ ಸಾಕುವ ಕೋಣೆಗೆ ಬನ್ನಿ. ಹಿಡಿದು ತಂದ, ರಕ್ತ ಕುಡಿದ ಒಂದೊಂದು ಹೆಣ್ಣನ್ನೂ ಬೇರೆ ಬೇರೆ ಪುಟ್ಟ ಶೀಶೆಯಲ್ಲಿ ಬಿಡುತ್ತೇವೆ. ಶೀಶೆಯ ತಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಗಟ್ಟಿ ಮಾಡಿರುತ್ತೇವೆ. ಅದು ನೀರು ಹೀರಿಕೊಂಡು ತಳವನ್ನು ತೇವವಾಗಿ ಇಡುತ್ತದೆ. ನಾಲ್ಕೈದು ದಿನದಲ್ಲಿ ಹೆಣ್ಣು ಆ ತೇವದ ಮೇಲೆ ಮೊಟ್ಟೆ ಇಡುತ್ತದೆ, ಹೆಚ್ಚಿನ ಸಲ ಅಲ್ಲೇ ಪಕ್ಕದಲ್ಲಿ ಸಾಯುತ್ತದೆ. ಇಟ್ಟಾಗ ಬೆಳ್ಳಗಿದ್ದ ಮೊಟ್ಟೆ ಕೆಲವೇ ಗಂಟೆಗಳಲ್ಲಿ ಕಡು ಕಂದು ಬಣ್ಣಕ್ಕೆ ತಿರುಗುತ್ತದೆ. ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಸಿಪ್ಪೆಯ ಮೇಲೆ ಎಷ್ಟು ಅಚ್ಚುಕಟ್ಟಾದ ಗೆರೆಗಳ ಜಾಲ ಗೊತ್ತಾ! ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಸತ್ತ ತಾಯಿಯನ್ನು ಬಿಡಿಸಿ ಸ್ಲೈಡ್ ಮೇಲೆ ಹರಡಿ, ಒಳಗಿನ ಅಂಗಗಳನ್ನು ನೋಡಿ ಯಾವ ಜಾತಿ ಅಂತ ಖಚಿತ ಮಾಡಿಕೊಂಡ ಮೇಲೇ ಮೊಟ್ಟೆಗಳನ್ನು ಒಟ್ಟು ಸೇರಿಸುವುದು. ಬೇರೆ ಜಾತಿಯ ಒಂದು ಹೆಣ್ಣು ಸೇರಿಕೊಂಡರೆ ಇಡೀ ಸಂತತಿ ಕೆಟ್ಟಂತೆ.

ಮರಿಹುಳುಗಳಿಗೆ ಊಟ ಮೊಲದ ಹಿಕ್ಕೆ ಮತ್ತು ಮೊಲದ ಆಹಾರ. ಎರಡನ್ನೂ ಬೆರೆಸಿ, ಒದ್ದೆ ಮಾಡಿ, ಬೂಸ್ಟು ಬಂದು ಹೋಗುವವರೆಗೆ ಕೊಳೆಯಲು ಬಿಟ್ಟು, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಜಾಸ್ತಿ ಉದುರಿಸಿದರೆ ಬೂಸ್ಟು ಎದ್ದು ಮರಿಗಳು ಅದರ ಎಳೆಗಳಲ್ಲಿ ಸಿಕ್ಕಿ ಸಾಯುತ್ತವೆ. ಕಡಿಮೆಯಾದರೆ ಬೆಳೆಯುವುದಿಲ್ಲ. ನುಸಿ ಬಿತ್ತೋ, ಮೊಟ್ಟೆಗಳಿಗೂ ಕುತ್ತು. ನಾಲ್ಕು ಹಂತ ಬೆಳೆದು, ಪ್ಯೂಪಾ ಆಗಿ, ರೆಕ್ಕೆ ಬಿಚ್ಚುವ ಹೊತ್ತಿಗೆ ಆರು ವಾರವೋ ಇನ್ನೂ ಜಾಸ್ತಿಯೋ ಆಗಿರುತ್ತದೆ. ಸೊಳ್ಳೆ ಹತ್ತು ಹನ್ನೆರಡು ದಿನದಲ್ಲಿ ಮುಗಿಸುವ ಕೆಲಸ ಇದು. ದೊಡ್ಡವಾದ ಮೇಲೆ ಬಟ್ಟೆಯ ಪಂಜರ, ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿ. ರಕ್ತ ಕೊಡಲು ಗಾಜಿನ ಫೀಡರ್ ಇದೆ. ಒಳಗೆ ಪ್ರಾಣಿ ರಕ್ತ, ಸುತ್ತ ಮೈ ಬಿಸಿಯಷ್ಟು ಬೆಚ್ಚಗಿನ ನೀರು, ಕೆಳಗೆ ಕೋಳಿಮರಿಯ ತೆಳು ಚರ್ಮ. ಹೆಣ್ಣುಗಳು ಆ ಚರ್ಮದ ಮೇಲೆ ಕೂತು ಕುಡಿಯುತ್ತವೆ. ಹೊಟ್ಟೆ ಕೆಂಪಾಗಿ ಉಬ್ಬುವುದು ಬರಿಗಣ್ಣಿಗೇ ಕಾಣುತ್ತದೆ.

ಕೋಣೆ ಸದಾ 26ರಿಂದ 28 ಡಿಗ್ರಿ ಇರಬೇಕು, ಗಾಳಿ ತುಂಬಾ ತೇವವಾಗಿರಬೇಕು. ಪಂಜರಕ್ಕೆ ಒದ್ದೆ ಹತ್ತಿ ಇಟ್ಟು ಪ್ಲಾಸ್ಟಿಕ್ ಹೊದಿಸುತ್ತೇವೆ. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣ ಗಾಳಿಗೆ ಬಿಟ್ಟರೆ ಈ ನೊಣ ಎಷ್ಟು ಹೊತ್ತು ತಡೆದೀತು? ಎರಡರಿಂದ ಮೂರು ಮಿಲಿಮೀಟರ್ ಉದ್ದದ, ಮೈತುಂಬ ರೋಮದ ಹುಳ. ಕೂತಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಅಗಲಿಸಿಕೊಂಡಿರುತ್ತದೆ. ನೇರ ಹಾರುವುದು ಬಾರದು, ಕುಪ್ಪಳಿಸಿ ಕುಪ್ಪಳಿಸಿ ಸಾಗುತ್ತದೆ. ಗಾಳಿ ಸ್ವಲ್ಪ ಜೋರಾದರೆ ಅದೂ ಇಲ್ಲ. ಹಾಗಂತ ಬಾಗಿಲು ತೆರೆದಿಡುತ್ತೇವೆ ಅಂತಲ್ಲ. ಎರಡು ಬಾಗಿಲು, ಜಾಲರಿ, ಪಂಜರದ ಕೈತೂರಿಸುವ ತೋಳಿಗೆ ಗಂಟು, ಎಲ್ಲವೂ ಇವೆ. ಎಣಿಕೆ ತಪ್ಪಬಾರದು, ಹೊರಗಿನದು ಒಳಗೆ ಬರಬಾರದು ಅನ್ನುವುದೂ ಅದಕ್ಕೆ ಅಷ್ಟೇ ದೊಡ್ಡ ಕಾರಣ. ಇನ್ನೊಂದು ಮಾತು: ಮರಳು ನೊಣ ಮಹಾರಾಷ್ಟ್ರದ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಲ್ಯಾಬ್ ಹುಟ್ಟುವ ಮೊದಲಿಂದಲೂ ಇದೆ.

ಇಷ್ಟು ಕಷ್ಟಪಟ್ಟು ಯಾಕೆ ಸಾಕಬೇಕು ಅಂದಿರಿ. ನೊಣ ಕೊಲ್ಲುವ ಔಷಧಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು. ಬಿಹಾರದಲ್ಲಿ ವರ್ಷಗಟ್ಟಲೆ ಗೋಡೆಗೆ ಡಿಡಿಟಿ ಹೊಡೆದರು, ನೊಣ ಸಾಯುವುದು ಕಡಿಮೆಯಾಯಿತು. ಔಷಧಿ ಸವರಿದ ಕಾಗದದ ಕೊಳವೆಯಲ್ಲಿ ನೊಣಗಳನ್ನು ಒಂದು ಗಂಟೆ ಇಟ್ಟು, 24 ಗಂಟೆ ಬಿಟ್ಟು ಎಷ್ಟು ಸತ್ತವು ಅಂತ ಎಣಿಸುವ ಪರೀಕ್ಷೆ ಇದೆ. ಎಂದೂ ಔಷಧಿ ಕಾಣದ ಸಾಕಿದ ನೊಣ ಪಕ್ಕದಲ್ಲಿದ್ದರೆ ಹೋಲಿಸಲು ಆಗುತ್ತದೆ. ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ. ಬಿಹಾರದ ಮುಜಫ್ಫರ್‌ಪುರದಲ್ಲಿ ಸಾಕಿದ ನೊಣಗಳನ್ನು, ಒಪ್ಪಿಗೆ ಕೊಟ್ಟ ಜನರ ಮೈಮೇಲೆ ಕಚ್ಚಲು ಬಿಟ್ಟು, ಆಮೇಲೆ ನೊಣದೊಳಗೆ ಪರಾವಲಂಬಿ ಹುಡುಕಿದರು. ಯಾರಿಂದ ರೋಗ ಹರಡುತ್ತದೆ ಅಂತ ನೇರವಾಗಿ ತಿಳಿಯುವ ದಾರಿ ಇದು. ಕಾಲಾ ಅಜಾರ್ ವಾಸಿಯಾದ ಮೇಲೆ ಚರ್ಮದ ಮೇಲೆ ಮಚ್ಚೆ, ಗಂಟು ಏಳುವವರಿಂದಲೂ ನೊಣಕ್ಕೆ ಸೋಂಕು ತಗಲುತ್ತದೆ ಅಂತ ಗೊತ್ತಾಯಿತು. ಆರೋಗ್ಯವಾಗಿ ಓಡಾಡಿಕೊಂಡಿರುವ ಇಂಥವರನ್ನು ಹುಡುಕಿ ಚಿಕಿತ್ಸೆ ಕೊಡದಿದ್ದರೆ ಕಾಲಾ ಅಜಾರ್ ಹೋಗುವುದಿಲ್ಲ. ಸಾಕಿದ ನೊಣದಲ್ಲೇ ಮೊದಲು ರೋಗ ಇದ್ದಿದ್ದರೆ ಈ ಪ್ರಯೋಗಕ್ಕೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ?

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಹೊರಗೆ ಇದರ ಮರಿಗಳು ಇರುವುದೆಲ್ಲಿ? ನೀರಿನಲ್ಲಿ ಅಲ್ಲ. ಮನೆ ಸುತ್ತ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು ಡೆಂಗಿಗೆ ಸರಿ, ಇದಕ್ಕೆ ಸಾಲದು. ಮರಳು ನೊಣದ ಮರಿ ತೇವದ ಮಣ್ಣಿನಲ್ಲಿ, ಸಗಣಿ, ಎಲೆ ಬೆರೆತು ಕೊಳೆತ ಕಡೆ, ಕೊಟ್ಟಿಗೆಯ ನೆಲದ ಮೂಲೆಯಲ್ಲಿ, ಗೋಡೆಯ ಬಿರುಕಿನಲ್ಲಿ ಬೆಳೆಯುತ್ತದೆ. ಮಣ್ಣನ್ನು ಬುಟ್ಟಿಗಟ್ಟಲೆ ತಂದು ಹುಡುಕಿದರೂ ಸಿಗುವುದು ಬೆರಳೆಣಿಕೆಯಷ್ಟು. ಮರಿಗಳನ್ನೇ ಹುಡುಕಿ ಕೊಲ್ಲಲು ಆಗದ್ದರಿಂದ ದೊಡ್ಡ ನೊಣ ಕೂರುವ ಗೋಡೆಗೆ ಔಷಧಿ ಹೊಡೆಯುತ್ತಾರೆ. ಅದೂ ನೆಲದಿಂದ ಆರು ಅಡಿವರೆಗೆ, ಯಾಕೆಂದರೆ ಕುಪ್ಪಳಿಸುವ ಹುಳ ಹೆಚ್ಚಾಗಿ ಕೆಳಗಡೆಯೇ ಕೂರುತ್ತದೆ.

2003ರಲ್ಲಿ ಆಂಧ್ರದಲ್ಲಿ ಚಾಂದಿಪುರ ಜ್ವರ ಬಂದಾಗ 329 ಮಕ್ಕಳಲ್ಲಿ 183 ಮಕ್ಕಳು ಹೋದರು. ಜ್ವರ, ವಾಂತಿ, ಫಿಟ್ಸ್ ಬಂದು ಎರಡು ದಿನ ತುಂಬುವುದರೊಳಗೆ ಮಗು ಕೈ ತಪ್ಪಬಹುದು. ಇದಕ್ಕೆ ಇನ್ನೂ ಲಸಿಕೆ ಇಲ್ಲ. ಊರಿನಲ್ಲಿ ಮಣ್ಣಿನ ಗೋಡೆಯ ಮನೆ, ಪಕ್ಕದಲ್ಲೇ ಕೊಟ್ಟಿಗೆ ಇರುವವರು ಮಳೆಗಾಲಕ್ಕೆ ಮೊದಲೇ ಬಿರುಕುಗಳನ್ನು ಮೆತ್ತಿಸಿ, ಗೊಬ್ಬರದ ಗುಂಡಿಯನ್ನು ಮನೆಯಿಂದ ದೂರ ಮಾಡಿ, ಮಕ್ಕಳನ್ನು ಬರೀ ನೆಲದ ಮೇಲೆ ಮಲಗಿಸಬೇಡಿ. ಔಷಧಿ ಹೊಡೆಯಲು ಬಂದವರನ್ನು ಒಳಕೋಣೆಗೂ, ಕೊಟ್ಟಿಗೆಗೂ ಬಿಡಿ. ಮಗುವಿಗೆ ಜ್ವರದ ಜೊತೆ ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.