362 ಸ್ಥಾನ ಸಿಕ್ಕರೆ ಸಂವಿಧಾನವನ್ನು ಬೇಕಾದಂತೆ ತಿದ್ದಬಹುದೇ?

ಓದುಗರ ಪ್ರಶ್ನೆ: ಲೋಕಸಭೆಯಲ್ಲಿ ಮೂರನೇ ಎರಡರಷ್ಟು, ಅಂದರೆ 362 ಸ್ಥಾನ ಪಡೆದ ಪಕ್ಷ ಸಂವಿಧಾನವನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದಲ್ಲವೇ?

ಆಗುವುದಿಲ್ಲ. ಚುನಾವಣೆ ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ ಕೊಟ್ಟಿದ್ದೇನೆ. ಆದರೂ ಆ ಸಂಖ್ಯೆಯ ಮೇಲಿನ ನಂಬಿಕೆ ಅಳಿಯದಿರುವುದರಿಂದ ಈ ಬಾರಿ ಬುಡದಿಂದಲೇ ವಿವರಿಸುತ್ತೇನೆ.

ಮೊದಲಿಗೆ ಲೆಕ್ಕವೇ ಅಪೂರ್ಣ. 368ನೇ ವಿಧಿಯ ಪ್ರಕಾರ ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರನೇ ಎರಡರಷ್ಟು ಮಂದಿಯ ಜೊತೆಗೆ ಸದನದ ಒಟ್ಟು ಸದಸ್ಯಬಲದ ಬಹುಮತವೂ ಬೇಕು, ಅದೂ ಎರಡು ಸದನಗಳಲ್ಲಿ ಪ್ರತ್ಯೇಕವಾಗಿ. ರಾಜ್ಯಸಭೆ ಒಪ್ಪದಿದ್ದರೆ ಜಂಟಿ ಅಧಿವೇಶನ ಕರೆದು ಪಾಸು ಮಾಡಿಸಲು ಅವಕಾಶವಿಲ್ಲ. ಕೇಂದ್ರ–ರಾಜ್ಯಗಳ ಅಧಿಕಾರ ಹಂಚಿಕೆಯಂಥ ವಿಷಯಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳೂ ಒಪ್ಪಬೇಕು.

ಇಷ್ಟನ್ನೆಲ್ಲ ದಾಟಿದ ಮೇಲೂ ಒಂದು ಗಡಿ ಉಳಿಯುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು, ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಹೇಳಿದ್ದು ಇಷ್ಟು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು, ಅಂದರೆ ಅದು ನಿಂತಿರುವ ಬುನಾದಿಯನ್ನು, ಕೆಡಿಸುವಂತಿಲ್ಲ.

ಇದು ಪುಸ್ತಕದಲ್ಲಿ ಉಳಿದ ಮಾತಲ್ಲ. ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ ಬಳಿಕ, 1975ರ ಆಗಸ್ಟ್‌ನಲ್ಲಿ 39ನೇ ತಿದ್ದುಪಡಿ ಬಂತು. ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳು ಪ್ರಶ್ನಿಸುವಂತಿಲ್ಲವೆಂದು ಸಾರಿದ ಆ ತಿದ್ದುಪಡಿ 7ರಂದು ಲೋಕಸಭೆಯಲ್ಲಿ ಅಂಗೀಕಾರವಾಗಿ, 10ರಂದು ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು. ಬಹುಮತಕ್ಕೆ ಕೊರತೆಯೇ ಇರಲಿಲ್ಲ. ಆದರೂ ಸುಪ್ರೀಂ ಕೋರ್ಟು ನವೆಂಬರಿನಲ್ಲಿ, ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗಲೇ, ಆ ಭಾಗವನ್ನು ರದ್ದು ಮಾಡಿತು. ಬದಲಾದ ಚುನಾವಣಾ ಕಾನೂನಿನ ಆಧಾರದ ಮೇಲೆ ಇಂದಿರಾ ಅವರ ಆಯ್ಕೆಯನ್ನು ಎತ್ತಿಹಿಡಿಯಿತೆಂಬುದು ಬೇರೆ ಮಾತು. ಮರುವರ್ಷ 42ನೇ ತಿದ್ದುಪಡಿಯು, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವುದೇ ಮಿತಿಯಿಲ್ಲ ಎಂಬ ವಾಕ್ಯವನ್ನು 368ನೇ ವಿಧಿಗೇ ಸೇರಿಸಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ, 1980ರಲ್ಲಿ, ಅದೂ ಬಿದ್ದುಹೋಯಿತು. ಸೀಮಿತ ಅಧಿಕಾರ ಪಡೆದವರು ಅದೇ ಅಧಿಕಾರ ಬಳಸಿ ಅದನ್ನು ಅಸೀಮವಾಗಿಸಿಕೊಳ್ಳಲಾಗದು ಎಂಬ ಆ ತೀರ್ಪಿನ ತರ್ಕವನ್ನು ಪ್ರತಿಯೊಬ್ಬ ಮತದಾರನೂ ತಿಳಿದಿರಬೇಕೆಂಬುದು ನನ್ನ ಆಸೆ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಜರ್ಮನಿಯ 1949ರ ಮೂಲ ಕಾನೂನು ಮಾನವ ಘನತೆಯ ತತ್ತ್ವವನ್ನು ತಿದ್ದುಪಡಿಯಿಂದ ಮುಟ್ಟುವಂತಿಲ್ಲವೆಂದು ತನ್ನ 79ನೇ ವಿಧಿಯಲ್ಲೇ ಬರೆದಿಟ್ಟಿದೆ. ಬ್ರಿಟನ್ನಿನಲ್ಲಿ ಸಂಸತ್ತಿನ ಕಾಯ್ದೆ ಮಾನವ ಹಕ್ಕಿಗೆ ವಿರುದ್ಧವೆಂದು ನ್ಯಾಯಾಲಯ ಘೋಷಿಸಬಹುದೇ ಹೊರತು ರದ್ದುಪಡಿಸಲಾರದು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಎಡನೀರು ಮಠಕ್ಕೆ ಭೂಮಿ ಉಳಿಯಿತೇ? ಭೂಸುಧಾರಣೆಯಿಂದ ಆಸ್ತಿ ಉಳಿಸಿಕೊಳ್ಳಲು ಹೂಡಿದ ದಾವೆಯದು. ಆದರೆ ಆ ತೀರ್ಪಿನಿಂದ ಮಠಕ್ಕೆ ಪರಿಹಾರ ದೊರೆಯಲಿಲ್ಲ. ಮೂಲ ಸ್ವರೂಪವೆಂದರೆ ಮೂಲಭೂತ ಹಕ್ಕುಗಳ ಇಡೀ ಪಟ್ಟಿಯೆಂದು ಭಾವಿಸುವವರು ಇದನ್ನು ಗಮನಿಸಬೇಕು. 1978ರ 44ನೇ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಆ ಪಟ್ಟಿಯಿಂದಲೇ ತೆಗೆಯಿತು. ಈಗ ಅದು 300ಎ ವಿಧಿಯಡಿ ಬರುವ ಸಾಂವಿಧಾನಿಕ ಹಕ್ಕು ಮಾತ್ರ. ಅದಕ್ಕೆ ಧಕ್ಕೆಯಾದರೆ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲಾಗದು, 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು.